ಅವ್ವನ ಎಡಗೈ ಬಳೆ

ನಮ್ಮವ್ವ ಎಡಗೈ ಎತ್ತಿದಳೆಂದರೆ ಮನೆಮಂದಿಯೆಲ್ಲ ತಲೆ ತಗ್ಗಿಸುತ್ತಿದ್ದೆವು. ಹೊಡೆಯುವ ತಾಯಿ, ತಪ್ಪಿಸಿಕೊಳ್ಳುವ ಮಕ್ಕಳು, ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷವೆಂದರೆ ಅವ್ವನಿಗೆ ಎಡಗೈ ಇರಲಿಲ್ಲ. ಮೊಣಕೈಯಿಂದ ಸ್ವಲ್ಪ ಕೆಳಗೆ ತೋಳು ಮುಗಿದುಹೋಗುತ್ತಿತ್ತು. ಆದರೂ ಸಿಟ್ಟಿನಲ್ಲಿ ಆ ಮೋಟು ತೋಳು ಮೇಲೆದ್ದರೆ ನನ್ನ ತಮ್ಮಂದಿರು ಕಿವಿ ಮುಚ್ಚಿಕೊಂಡು ಬಗ್ಗುತ್ತಿದ್ದರು, ಮದುವೆಯ ವಯಸ್ಸಿಗೆ ಬಂದಿದ್ದ ನಾನೂ ಬಗ್ಗುತ್ತಿದ್ದೆ. ಒಂದು ಸಲ ನಮ್ಮಪ್ಪ ಕಂಠಪ್ಪ ಬಗ್ಗಿದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಪೆಟ್ಟು ಗಾಳಿಯಲ್ಲಿ ಹೋದ ಮೇಲೆ ಅವ್ವನಿಗೇ ನಗು ಬಂದು, "ತಪ್ಪುಸ್ಕಂಡೆ, ಓಗು ಈ ಸಲ" ಎಂದು ಬಿಡುತ್ತಿದ್ದಳು.

ನಮ್ಮೂರು ಕಟ್ಟೆಮಳಲವಾಡಿ. ಲಕ್ಷ್ಮಣತೀರ್ಥದ ಕಟ್ಟೆಯ ನೀರು ಕಾಲುವೆಯಲ್ಲಿ ಹರಿದು ಬರುತ್ತಿದ್ದುದರಿಂದ ನಮಗೆ ಭತ್ತವೂ ಇತ್ತು, ಒಂದಿಷ್ಟು ಕಬ್ಬೂ ಇತ್ತು. ನಾನು ಹೇಳುತ್ತಿರುವುದು ಮಹಾರಾಜರ ಕಾಲದ ಮಾತು. ಕೃಷ್ಣರಾಜನಗರವನ್ನು ಹೊಸ ಪಟ್ಟಣವೆಂದು ಜನ ಗಾಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದ ಕಾಲ ಅದು. ಮಾಗಿಯ ಚಳಿಯಲ್ಲಿ ಆಲೆಮನೆ ಹೂಡಿದ್ದೆವು. ಗಾಣಕ್ಕೆ ಕಟ್ಟಿದ ಎತ್ತುಗಳು ಸುತ್ತು ಬರುತ್ತಿದ್ದವು, ಅಪ್ಪ ಅವುಗಳನ್ನು ಹೊಡೆಯುತ್ತಿದ್ದ, ಅವ್ವ ಗಾಣದ ಮುಂದೆ ಕುಳಿತು ಕಬ್ಬಿಣದ ಉರುಳೆಗಳ ಬಾಯಿಗೆ ಕಬ್ಬಿನ ಜಲ್ಲೆ ಕೊಡುತ್ತಿದ್ದಳು. ಅವಳು ಹುಟ್ಟಾ ಎಡಚಿ. ಯಾರದೋ ಮಾತಿಗೆ ನಕ್ಕು ಆ ಕಡೆ ತಿರುಗಿದಳಂತೆ. ಜಲ್ಲೆಯ ಜೊತೆ ಎಡಗೈಯೂ ಹೋಯಿತು. ಗಾಡಿಯಲ್ಲಿ ಹುಣಸೂರಿಗೆ, ಅಲ್ಲಿಂದ ಮೋಟಾರಿನಲ್ಲಿ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಜೀವ ಉಳಿಸಿದರು, ಕೈ ತೆಗೆದರು.

ಊರಿಗೆ ಮರಳಿದ ಅವ್ವನನ್ನು ನೋಡಲು ಬಂದ ಹೆಂಗಸರು ಸೆರಗು ಕೈಯಲ್ಲಿ ಹಿಡಿದು ಅಳಲು ಸಿದ್ಧರಾಗಿಯೇ ಬಂದಿದ್ದರು. ಅವ್ವ ಅವರಿಗೆ ಅಳಲು ಎಡೆಯನ್ನೇ ಕೊಡಲಿಲ್ಲ. "ಅದು ಮೈಸೂರಲ್ಲೇ ಉಳ್ಕತು ಕಣ್ರವ್ವ. ದಸರಾ ನೋಡ್ಕಂಡು ಬತ್ತೀನಿ ಅಂತು" ಎಂದುಬಿಟ್ಟಳು. ಅಳುವುದೋ ನಗುವುದೋ ತಿಳಿಯದೆ ಅವರೆಲ್ಲ ಎಲೆಯಡಿಕೆ ಹಾಕಿಕೊಂಡು ಹೋದರು.

ಆದರೆ ತಮಾಷೆಯ ಮಾತು ಹಾಗಿರಲಿ, ಆ ಕೈ ನಿಜವಾಗಿ ಎಲ್ಲಿಗೂ ಹೋಗಿರಲಿಲ್ಲ. ಅದೇ ಅವ್ವನ ಗೋಳು. ಗಾಯ ಮಾದು ಚರ್ಮ ಕೂಡಿಕೊಂಡ ಮೇಲೂ ಅವಳಿಗೆ ಅಂಗೈ ಇತ್ತು, ಬೆರಳಿದ್ದವು, ಹೆಬ್ಬೆರಳ ಉಗುರೂ ಇತ್ತು. "ಇಲ್ಲ ಅಂದ್ರೂ ಅದೆ ಕಣೆ ಕುಳ್ಳವ್ವ. ಆವತ್ತಿನ ಜಲ್ಲೆ ಇಡ್ಕಂಡು ಕುಂತದೆ. ಬುಡು ಅಂದ್ರೆ ಬುಡಕಿಲ್ಲ. ಉಗುರು ಅಂಗೈಗೆ ಕಚ್ತದೆ" ಎನ್ನುತ್ತಿದ್ದಳು. ಕುಳ್ಳವ್ವ ಎಂದರೆ ನಾನೇ. ನಾನು ಮೋಟು ತೋಳನ್ನು ಒತ್ತಿ ಕೊಡುತ್ತಿದ್ದೆ, ಬಿಸಿನೀರು ಹಾಕುತ್ತಿದ್ದೆ. ಇಲ್ಲದ ಮುಷ್ಟಿಯನ್ನು ಬಿಡಿಸುವುದು ಹೇಗೆ? ನೋವು ಬಂದಾಗ ಅವ್ವನ ಮುಖ ಬೆವರುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಇದಕ್ಕೆ ಮದ್ದು ಹುಡುಕುವ ಹೊಣೆ ಹೊತ್ತವಳು ನನ್ನ ಸೋದರತ್ತೆ ದೊಡ್ಡತಾಯಮ್ಮ. ಅಪ್ಪನ ಅಕ್ಕ. ಅವಳನ್ನು ಊರೊಳಗೇ ಕೊಟ್ಟಿದ್ದರು, ಹಾಗಾಗಿ ತವರು ಬಿಟ್ಟು ಹೋದದ್ದು ಹೆಸರಿಗೆ ಮಾತ್ರ. ನಮ್ಮ ಮನೆಯ ಸಾರಿಗೆ ಉಪ್ಪು ಎಷ್ಟೆಂಬುದೂ ಅವಳ ಅಪ್ಪಣೆ. ಎಚ್.ಡಿ. ಕೋಟೆಯ ಕಡೆ ಯಾರೋ ಮಂತ್ರದವನಿದ್ದಾನೆಂದು ಗಾಡಿ ಮಾಡಿಕೊಂಡು ಹೋಗಿ ಒಂದು ತಾಯಿತ ತಂದಳು. ನೋಯುವ ಮಣಿಕಟ್ಟಿಗೇ ಕಟ್ಟಬೇಕು, ಬೇರೆಲ್ಲೂ ಕಟ್ಟಕೂಡದು ಎಂದು ಅವನು ಕಟ್ಟುನಿಟ್ಟಾಗಿ ಹೇಳಿದ್ದನಂತೆ. ಮಡಿಯುಟ್ಟು, ದಾರ ಹಿಡಿದು ಅವ್ವನ ಮುಂದೆ ನಿಂತ ಮೇಲೇ ಅತ್ತೆಗೆ ತೊಡಕು ಗೊತ್ತಾದದ್ದು. ಅವ್ವ ತೋಳು ಮುಂದೆ ಮಾಡಿ, "ಕಟ್ಟಿ ಅತ್ಗೆಮ್ಮ, ಇಕಾ ಚಾಚಿವ್ನಿ" ಎಂದಳು. ಅತ್ತೆ ಕಣ್ಣು ಕಣ್ಣು ಬಿಟ್ಟಳು. ತಂದದ್ದು ವ್ಯರ್ಥವಾಗಬಾರದೆಂದು ಕೊನೆಗೆ ಅದನ್ನು ಹೋರಿಗರುವಿನ ಕೊರಳಿಗೆ ಕಟ್ಟಿದಳು. ಕರು ಚೆನ್ನಾಗಿಯೇ ಬೆಳೆಯಿತು.

ಅಪ್ಪನ ಸಂಗತಿ ಬೇರೆ. ಅಪಘಾತದ ಮರುವಾರವೇ ಆ ಜೋಡಿ ಎತ್ತುಗಳನ್ನು ಹುಣಸೂರ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟಿದ್ದ. ಅಂದಿನಿಂದ ಕೈ ಎಂಬ ಮಾತೇ ಅವನ ಬಾಯಲ್ಲಿಲ್ಲ. ಅವ್ವನಿಗೆ ನೀರು ಸೇದಿ ಕೊಡುತ್ತಿದ್ದ, ರಾಗಿ ಬೀಸಲು ಕೂರುತ್ತಿದ್ದ, ಗಂಡಸರು ಮಾಡದ ಕೆಲಸವನ್ನೆಲ್ಲ ತುಟಿ ಪಿಟಿಕ್ಕೆನ್ನದೆ ಮಾಡುತ್ತಿದ್ದ. ಆದರೆ ಅವ್ವ "ಕೈ ನೋಯ್ತದೆ" ಎಂದ ಕೂಡಲೇ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಹೋಗಿ ಮಾತಾಡಿಸಿದರೆ, "ಉಲ್ಲಾಕ್ಬೇಕು ಕಣಮ್ಮಿ" ಎನ್ನುತ್ತಿದ್ದ. ಬಾಯಿ ತುಂಬ ಹುಲ್ಲಿದ್ದ ದನಗಳು ಅವನನ್ನೇ ನೋಡುತ್ತಿದ್ದವು.

ಹೀಗಿರುವಾಗ ನನಗೆ ಹೊಸ ಅಗ್ರಹಾರವೆಂಬ ಊರಿನ ದೇವರಾಜುವಿನೊಂದಿಗೆ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಮುಂಚೆ ಮನೆಯಲ್ಲಿ ಬಳೆ ಶಾಸ್ತ್ರ ನಡೆಯುತ್ತದೆ. ಬಳೆಗಾರನನ್ನು ಕರೆಸಿ, ಚಾಪೆ ಹಾಸಿ, ಹೆಣ್ಣಿನ ತಾಯಿ ಮೊದಲು ಹಸಿರು ಗಾಜಿನ ಬಳೆ ತೊಡಬೇಕು. ಅವಳು ತೊಟ್ಟ ಮೇಲೆ ಹೆಣ್ಣು, ಆಮೇಲೆ ಉಳಿದವರು. ಅವ್ವನಿಗೆ ಆ ಚಾಪೆಯ ಮೇಲೆ ಕೂರುವ ಆಸೆ ನಾನು ತೊಟ್ಟಿಲಲ್ಲಿದ್ದಾಗಿನಿಂದ. ಬಳೆ ತೊಡಿಸಲು ತನ್ನ ತವರಾದ ಪಿರಿಯಾಪಟ್ಟಣದ ಕಡೆಯ ಸೋಮಯ್ಯನೇ ಬರಬೇಕು ಎಂದು ಹಟ ಹಿಡಿದಳು. ಅವಳ ಮದುವೆಗೆ ಬಳೆ ತೊಡಿಸಿದವನು ಅವನೇ. ಕಣ್ಣಿಗೆ ಪೊರೆ ಬಂದು ಅವನು ಊರೂರು ತಿರುಗುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಕಣ್ಣು ಕಾಣದಿದ್ದರೇನು, ಬೆರಳಿಗೆ ಕಾಣುತ್ತದಲ್ಲ ಎಂದು ಅವ್ವ ಹೇಳಿಕಳುಹಿಸಿದಳು.

ಆಗ ಅತ್ತೆ ಅವ್ವನ ಕಡೆ ತಿರುಗಿ ಬಾಯಿ ತೆಗೆದಳು. "ನೋಡು ರಾಚೀ, ಬೇಜಾರು ಮಾಡ್ಕಬ್ಯಾಡ. ಮದ್ಲು ಬಳೆ ಜೋಡಿಗೈಗೆ ಓಗ್ಬೇಕು. ಒಂಟಿಗೈಗೆ ಆಕಿ, ನಾಳೆ ಎಣ್ಣಿಗೆ ಏನಾರ ಎಚ್ಚುಕಮ್ಮಿ ಆದ್ರೆ ಗಂಡಿನ ಕಡ್ಯೋರು ಸುಮ್ನಿದ್ದಾರಾ? ಚಾಪೆ ಮ್ಯಾಲೆ ನಾ ಕೂತ್ಕತೀನಿ."

ಅವ್ವ ಏನಾದರೂ ಕುಟುಕು ಮಾತಾಡುತ್ತಾಳೆಂದು ನಾನು ಕಾದೆ. ಅವಳು, "ಅಂಗೇ ಆಗ್ಲಿ ಅತ್ಗೆಮ್ಮ, ನನ್ ಕೈ ಎಂಗೂ ದಸರಾಕ್ಕೆ ಓಗ್ಯದೆ" ಎಂದು ನಕ್ಕು ಒಳಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ಭತ್ತ ತುಂಬಿಡುವ ದೊಡ್ಡ ವಾಡೆಯ ಮರೆಯಲ್ಲಿ ನಿಂತು ಅಳುತ್ತಿದ್ದಳು. ಕೈ ಹೋದಾಗಲೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ನನಗೆ ಅತ್ತೆಯನ್ನು ಆ ಗಳಿಗೆಯಲ್ಲೇ ಅವಳ ಗಂಡನ ಮನೆಗೆ ಅಟ್ಟಬೇಕೆನಿಸಿತು. ಅಟ್ಟಿದರೂ ಏನು ಪ್ರಯೋಜನ, ಗಂಡನ ಮನೆ ಇದ್ದದ್ದು ಎರಡು ಬೀದಿಯಾಚೆ.

ಬಳೆ ಶಾಸ್ತ್ರದ ದಿನ ಬೆಳಿಗ್ಗೆ ಅಪ್ಪ ಗಾಡಿ ಕಟ್ಟಿಕೊಂಡು ಹೋಗಿ, ಮೋಟಾರಿನಲ್ಲಿ ಹುಣಸೂರಿಗೆ ಬಂದಿಳಿದಿದ್ದ ಸೋಮಯ್ಯನನ್ನು ಕರೆತಂದ. ಮುದುಕ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಗಾಡಿಯಿಂದ ಇಳಿದರೆ ಅಂಗಳವೆಲ್ಲ ಗಿಲಗಿಲ ಎಂದಿತು. ದಾರಿಯಲ್ಲಿ ಅವನು, "ನಮ್ ರಾಚವ್ವ ಎಂಗವ್ಳೆ?" ಎಂದು ಕೇಳಿದನಂತೆ. ಅಪ್ಪ, "ಚೆನ್ನಾಗವ್ಳೆ" ಎಂದನಂತೆ. ಅಷ್ಟೇ. ಉಳಿದ ದಾರಿಯೆಲ್ಲ ಎತ್ತಿನ ಮಾತು. ಇದು ನಮಗೆ ಆಮೇಲೆ ತಿಳಿದದ್ದು. ಕೈ ಹೋದದ್ದನ್ನು ಅಪ್ಪ ಹೇಳಿರುತ್ತಾನೆಂದು ನಾವು ಅಂದುಕೊಂಡಿದ್ದೆವು. ಮುದುಕ ನೊಂದುಕೊಂಡಾನೆಂದು ತವರಿನವರೂ ಅವನಿಗೆ ಹೇಳಿರಲಿಲ್ಲವಂತೆ.

ಅತ್ತೆ ಹೊಸ ಸೀರೆಯುಟ್ಟು ಚಾಪೆಯ ಮೇಲೆ ಆಗಲೇ ಕುಳಿತಿದ್ದಳು. ಸೋಮಯ್ಯ ಅವಳ ಕೈ ಹಿಡಿದು ಒಮ್ಮೆ ಅಮುಕಿ ನೋಡಿದ, ಬಿಟ್ಟುಬಿಟ್ಟ.

"ಇದು ನಮ್ ರಾಚವ್ವನ ಕೈಯಲ್ಲ. ಎಣ್ಣಿನ ತಾಯಿ ಎಲ್ಲಿ? ತವರಿನ ಸುದ್ದಿ ತಂದಿವ್ನಿ, ಕೂಗ್ರವ್ವ ಅವಳ್ನ."

ತವರಿನ ಸುದ್ದಿ ಎಂದ ಮೇಲೆ ಯಾವ ಹೆಂಗಸು ಒಳಗೆ ಕೂತಾಳು? ಅವ್ವ ಸೆರಗು ಹೊದ್ದು ಹೊರಗೆ ಬಂದಳು. ನಾನು ಅತ್ತೆಯ ರಟ್ಟೆ ಹಿಡಿದು ಚಾಪೆಯ ಅಂಚಿಗೆ ಸರಿಸಿ ಅವ್ವನನ್ನು ನಡುವೆ ಕೂರಿಸಿದೆ. ಅತ್ತೆ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಅಷ್ಟು ಜನರ ಮುಂದೆ ಜಗಳ ತೆಗೆಯಲು ಅವಳಿಗೂ ಬಾಯಿ ಬರಲಿಲ್ಲ.

ಸೋಮಯ್ಯ ಅವ್ವನ ತಮ್ಮನ ಮಗಳು ಮೈನೆರೆದದ್ದು, ಹಿತ್ತಲ ಹಲಸು ಕಾಯಿ ಬಿಟ್ಟದ್ದು ಎಲ್ಲ ಹೇಳುತ್ತ ಅವ್ವನ ಬಲಗೈ ತೆಗೆದುಕೊಂಡ. ಗಾಜು ಚುಚ್ಚೀತೆಂದು ಹೆಂಗಸರೆಲ್ಲ ಬಳೆಗಾರನ ಮುಂದೆ ಮುಷ್ಟಿ ಬಿಗಿ ಹಿಡಿಯುತ್ತಾರೆ. ಅದಕ್ಕೆ ಅವನದು ಎಲ್ಲರಿಗೂ ಒಂದೇ ಮಾತು, ಒಂದೇ ರಾಗ: "ಮುಷ್ಟಿ ಬುಡವ್ವ... ಸಡಿಲ ಬುಡು... ತವರ ನೆನಸ್ಕೋ..." ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದ. ಒಂದೂ ಚಿಟಿಕ್ಕೆನ್ನಲಿಲ್ಲ. ಬಳೆ ತುಂಬಿದ ಆ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದುಕೊಂಡೇ ಬಲ ಅಂಗೈಯನ್ನು ಮುಂದೆ ಚಾಚಿದ.

"ಎಲ್ಲಿ, ಆ ಕೈ ಕೊಡು ತಾಯಿ."

ಬಾಗಿಲಲ್ಲಿ ನಿಂತಿದ್ದ ಅಪ್ಪ ಗೋಡೆಯ ಕಡೆ ತಿರುಗಿದ. ಅತ್ತೆ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಅವ್ವನೇ ಮಾತಾಡಿದಳು.

"ಕೊಟ್ಟಿವ್ನಿ ಕಣಣ್ಣ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸೆರಗಿನೊಳಗೆ ಮೋಟು ತೋಳು ಮುಂದೆ ಬಂದಿತ್ತು. ಅವಳ ಪಾಲಿಗೆ ಕೈ ಬಳೆಗಾರನ ಅಂಗೈ ಮೇಲೇ ಇತ್ತು.

"ಎಲ್ಲವ್ವಾ?" ಎಂದು ಸೋಮಯ್ಯ ಗಾಳಿಯಲ್ಲಿ ತಡಕಿದ.

"ನಿನ್ ಅಂಗೈ ಮ್ಯಾಲೇ ಅದೆ."

ಮುದುಕನ ಬೆರಳುಗಳು ಮೆಲ್ಲಗೆ ಮೇಲೆ ಸರಿದವು. ಸೆರಗು ಮುಟ್ಟಿದವು, ಸೆರಗಿನೊಳಗಿನ ಮೋಟು ತೋಳನ್ನು ಮುಟ್ಟಿದವು, ಅದರ ಕೊನೆಯನ್ನು ಒಂದು ಸುತ್ತು ಸವರಿ ನಿಂತವು. ಅವನ ಮುಖ ಬಿಳಿಚಿಕೊಂಡಿತು. ಅವನು ಕೈಯನ್ನು ಮತ್ತೆ ಮೊದಲಿದ್ದ ಜಾಗಕ್ಕೇ ತಂದು, ಅಂಗೈ ಬಟ್ಟಲು ಮಾಡಿ, ಬರಿಗಾಳಿಯನ್ನು ಒತ್ತತೊಡಗಿದ. ಎಡಗೈಯಲ್ಲಿ ಹಿಡಿದಿದ್ದ ಅವ್ವನ ಬಲಗೈಯನ್ನೂ ಅದೇ ಲಯದಲ್ಲಿ ಒತ್ತುತ್ತಿದ್ದ.

"ಅದೆ, ಅದೆ. ಮುಷ್ಟಿ ಬುಡವ್ವ... ಸಡಿಲ ಬುಡು... ತವರ ನೆನಸ್ಕೋ..."

ಅವನಿಗೆ ಅವ್ವನ ಮುಷ್ಟಿಯ ಸಂಗತಿ ಗೊತ್ತಿತ್ತೇ? ಇಲ್ಲ. ಆಮೇಲೆ ನಾನು ಕೇಳಿದಾಗ, "ಗಾಬ್ರಿ ಆಗೋಯ್ತು ಕಣವ್ವ, ಬಾಯಿಗೆ ಬೇರೆ ಮಾತೇ ಬರ್ಲಿಲ್ಲ" ಎಂದ. ಅವ್ವ ಕಣ್ಣು ಮುಚ್ಚಿದ್ದಳು. ಬಲಗೈ ಬೆರಳುಗಳು ಮೊದಲು ಬಿಗಿದುಕೊಂಡವು, ಆಮೇಲೆ ಅರಳಿದಂತೆ ಒಂದೊಂದೇ ಬಿಚ್ಚಿಕೊಂಡವು. ಹಣೆಯ ಮೇಲೆ ಬೆವರೊಡೆಯಿತು. ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು ಕೂಗಿದಳು.

"ಬುಡ್ತು! ಬುಡ್ತು ಕಣ್ರೋ! ಜಲ್ಲೆ ಬಿದ್ದೋಯ್ತು!"

ಪಕ್ಕದಲ್ಲಿದ್ದ ದೊಡ್ಡತಾಯಮ್ಮತ್ತೆ ಫಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡಳು.

ಒಂದು ಗಳಿಗೆ ಎಲ್ಲರೂ ಚಾಪೆಯನ್ನೇ ನೋಡಿದೆವು, ಜಲ್ಲೆ ಎಲ್ಲಿ ಬಿತ್ತು ಎಂದು. ಆಮೇಲೆ ಎಲ್ಲರ ಕಣ್ಣೂ ಸೀರೆಯೊಳಗೆ ಮುದುರಿಕೊಂಡಿದ್ದ ಅತ್ತೆಯ ಕಾಲಿನ ಮೇಲೆ ಹೋಯಿತು. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಅಂಗಳ ಹಾರಿಹೋಗುವಂತೆ ನಗು ಎದ್ದಿತು. ಅವ್ವ ನಗುತ್ತ ನಗುತ್ತ ಅತ್ತಳು, ಅಳುತ್ತ ಅಳುತ್ತ ನಕ್ಕಳು.

"ಏನ್ ನಗ್ತೀರಿ? ಕಾಲ್ ಮ್ಯಾಲೆ ಬಿದ್ದಿದ್ರೆ?" ಎಂದು ಅತ್ತೆ ರೇಗಿದಳು. ಹೇಳಿದ ಮೇಲೆ ಅವಳಿಗೇ ತಿಳಿದು ಮುಖ ಕೆಂಪಾಯಿತು.

ಬಿಡುವವಳಲ್ಲ ನಾನು. "ಅತ್ತೆ, ಅವ್ವನಿಗೆ ಆ ಕೈ ಇಲ್ಲ ಅಂದ್ರೆ ಜಲ್ಲೆನೂ ಇಲ್ಲ. ಜಲ್ಲೆ ಇಲ್ಲ ಅಂದ್ರೆ ಕಾಲ್ ಯಾಕೆ ಎಳ್ಕಂಡೆ? ಕಾಲ್ ಎಳ್ಕಂಡ್ ಮ್ಯಾಲೆ ಅವ್ವನದು ಜೋಡಿಗೈ ಅಂತ ನೀನೇ ಒಪ್ಕಂಡಂಗಾಯ್ತು."

ಅತ್ತೆ ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು, ತನ್ನ ಕಾಲನ್ನೂ ನೋಡಿಕೊಂಡಳು. ಅವಳಲ್ಲಿ ನೂರು ದೋಷವಿರಲಿ, ಸೋತದ್ದನ್ನು ಒಪ್ಪಿಕೊಳ್ಳುವ ಧೈರ್ಯವೂ ಇತ್ತು. "ಸೋಮಯ್ಯ, ಏನ್ ನೋಡ್ತಾ ಕುಂತೆ? ಆ ಕೈಗೂ ಆಕು. ಜೋಡಿ ತಪ್ಪಬಾರ್ದು" ಎಂದು ಗದರಿ, ತಾನೇ ಅವ್ವನ ಸೆರಗು ಸರಿಸಿ ಮೋಟು ತೋಳಿಗೆ ಅರಿಶಿನ ಹಚ್ಚಿದಳು. ಅಷ್ಟು ದಿನದಲ್ಲಿ ಅವಳು ಆ ತೋಳನ್ನು ಮುಟ್ಟಿದ್ದು ಅದೇ ಮೊದಲು.

ಸೋಮಯ್ಯ ಮಲಾರ ತಡಕಿ ದೊಡ್ಡ ಅಳತೆಯ ಹಸಿರು ಬಳೆ ಆರಿಸಿದ. ಅಂಗೈ ದಾಟುವ ಕಷ್ಟವಿಲ್ಲದ ಬಳೆ ಸಲೀಸಾಗಿ ಏರಿ ಮೊಣಕೈಯ ಹತ್ತಿರ ದಪ್ಪನೆಯ ಜಾಗದಲ್ಲಿ ಬಿಗಿಯಾಗಿ ನಿಂತಿತು. "ಈ ಕೈ ಸಲೀಸು ಕಣವ್ವ, ಎಲ್ಲಾರ್ದೂ ಇಂಗೇ ಇದ್ದಿದ್ರೆ ನನ್ ಬಳೆ ಒಂದೂ ಒಡೀತಿರ್ಲಿಲ್ಲ" ಎಂದ. ಅವ್ವ ಎರಡು ತೋಳನ್ನೂ ಎತ್ತಿ ಅಲುಗಿಸಿದಳು, ಬಳೆ ಸದ್ದು ಮಾಡಿತು. ಆಮೇಲೆ ನನ್ನ ಕೈ ಚಾಪೆಗೆ ಬಂತು. ಮದುವೆ ಚೆನ್ನಾಗಿ ನಡೆಯಿತು.

ಬಳೆ ಶಾಸ್ತ್ರ ಮುಗಿದ ಕೂಡಲೇ ಅಪ್ಪ ಎಲ್ಲಿ ಎಂದು ಹುಡುಕಿದರೆ ಕೊಟ್ಟಿಗೆಯಲ್ಲಿದ್ದ. ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನನ್ನು ಕಂಡು, "ಕಣ್ಣಿಗೆ ಬತ್ತದ ಒಟ್ಟು ಬಿದ್ಬುಡ್ತು ಕಣಮ್ಮಿ" ಎಂದ. ಹುಲ್ಲಿನ ಮಾತಿಗಿಂತ ಇದು ವಾಸಿ ಎಂದುಕೊಂಡು ಬಂದೆ.

ಗೌರಿ ಹಬ್ಬಕ್ಕೆ ನಾನು ತವರಿಗೆ ಬಂದೆ. ಹೊಸ ಅಗ್ರಹಾರದಿಂದ ಬಂದ ಗಾಡಿ ಇಳಿದಾಗ ಮಧ್ಯಾಹ್ನದ ಬಿಸಿಲು. ಮುಂದಿನ ಬಾಗಿಲಲ್ಲಿ ಯಾರೂ ಇಲ್ಲ. ಹಿತ್ತಲಲ್ಲಿ ಮಾತು ಕೇಳಿಸಿತೆಂದು ಅತ್ತ ಹೋದೆ. ಮುಷ್ಟಿ ಆಗಾಗ ಮತ್ತೆ ಬಿಗಿದುಕೊಳ್ಳುತ್ತದೆ, ಆದರೆ ಮೊದಲಿನಷ್ಟಲ್ಲ ಎಂದು ಅವ್ವ ಹೇಳಿಕಳುಹಿಸಿದ್ದಳು. ಸೋಮಯ್ಯನನ್ನು ಪ್ರತಿ ಸಲ ಪಿರಿಯಾಪಟ್ಟಣದಿಂದ ಕರೆಸುವುದುಂಟೇ, ಹೇಗೆ ಮಾಡುತ್ತಾಳೋ ಎಂದು ನನಗೆ ಚಿಂತೆಯಿತ್ತು.

ಹೊಂಗೆ ಮರದ ನೆರಳಲ್ಲಿ ಅವ್ವ ಕುಳಿತಿದ್ದಳು. ಎದುರಿಗೆ ಅಪ್ಪ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತಿದ್ದ. ಒಂದು ಕೈಯಲ್ಲಿ ಅವ್ವನ ಬಲಗೈ ಹಿಡಿದಿದ್ದ, ಇನ್ನೊಂದು ಕೈಯನ್ನು ಬಟ್ಟಲು ಮಾಡಿ ಗಾಳಿಯನ್ನು ಒತ್ತುತ್ತಿದ್ದ. ನೇಗಿಲು ಹಿಡಿದ ಒರಟು ಕೈ, ಬಳೆಗಾರನ ನಯ ಅದಕ್ಕೆಲ್ಲಿ ಬರಬೇಕು. ರಾಗವಂತೂ ಕೇಳಲೇಬೇಡಿ, ಎತ್ತು ಹೊಡೆಯುವ ರಾಗ.

"ಮುಷ್ಟಿ ಬುಡು ರಾಚೀ... ಸಡಿಲ ಬುಡು... ತವರ ನೆನಸ್ಕೋ..."

"ತವರ ಯಾಕೆ ನೆನಸ್ಕಳ್ಲಿ?" ಎಂದಳು ಅವ್ವ. "ಆವತ್ತು ನೀನು ಓಡ್ಬಂದು ನೊಗಕ್ಕೇ ಎದೆ ಕೊಟ್ಟು ಎತ್ತ ನಿಲ್ಸ್ದಲ್ಲ, ಅದ್ನ ನೆನಸ್ಕತೀನಿ. ನೀ ನಿಲ್ಸ್ನಿಲ್ಲ ಅಂದಿದ್ರೆ ತೋಳೆಲ್ಲಾ ಓಗ್ತಿತ್ತು, ನಾನೂ ಓಗ್ತಿದ್ದೆ. ಅದು ನೆಪ್ಪಾಯ್ತು ಅಂದ್ರೆ ಕೈ ತಂತಾನೇ ಬುಡ್ತದೆ ಕಣಪ್ಪ."

ಅಪ್ಪ ತಲೆ ತಗ್ಗಿಸಿದ. ಅವನ ಕೈ ಗಾಳಿಯಲ್ಲಿ ಹಾಗೇ ನಿಂತಿತು. ನಾನು ಹೊಂಗೆ ಮರದ ಹಿಂದೆ ನಿಂತುಬಿಟ್ಟೆ. ಅವನು ಮತ್ತೆ ಗಾಳಿಯನ್ನು ಒತ್ತುತ್ತ ಕೇಳಿದ.

"ಕೈ... ಬುಡ್ತಾ?"

"ಬುಡ್ತು. ಇಕಾ, ಜಲ್ಲೆ ಬಿತ್ತು."

ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.